ಹಲ್ಲಿನ ಕುರ್ಚಿಗೆ ಶ್ರುತಿ ಹಿಡಿದ ದಿನ

1964ನೆಯ ಇಸವಿ, ಫೆಬ್ರವರಿ ತಿಂಗಳ ಮೊದಲ ಗುರುವಾರ. ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ದಾವಣಗೆರೆ ಹಳೇಪೇಟೆಯ ಹಲ್ಲಿನ ದವಾಖಾನೆ. ಹಾಜರಿದ್ದವರು: ಡಾಕ್ಟರು, ಅವರ ನರ್ಸ್ ಆದ ನಾನು, ಹದಡಿಯಿಂದ ಬಂದ ರೋಗಿ, ರೋಗಿಯ ಹೆಂಡತಿ, ರೋಗಿಯ ತಮ್ಮ.

ಏನು ಬರೆಯುವುದಿದ್ದರೂ ಹೀಗೆ ಶುರು ಮಾಡುವುದು ನನಗೆ ರೂಢಿ. ನಾನು ನರ್ಸಿಂಗ್ ಕಲಿತ ಆಸ್ಪತ್ರೆಯಲ್ಲಿ ಮೇಟ್ರನ್ ಬಾಯಿ ನಮ್ಮನ್ನು ಹಾಗೆ ತಿದ್ದಿದ್ದರು. ಮೊದಲು ದಿನ, ಗಂಟೆ, ಯಾರಿದ್ದರು; ಆಮೇಲೆ ನಡೆದದ್ದು. ಬಳಸಿದ ಸಾಮಾನು ತೊಳೆದು, ಒರೆಸಿ, ಅದರ ಜಾಗದಲ್ಲಿ ಇಡುವವರೆಗೂ ಕೆಲಸ ಮುಗಿದಂತಲ್ಲ ಎಂಬುದು ಅವರ ಕಟ್ಟಪ್ಪಣೆ. ಹಾಸಿಗೆಯ ಮೂಲೆ ಮಡಿಚಿದ್ದು ಸರಿಯಿಲ್ಲದಿದ್ದರೆ ಇಡೀ ಹಾಸಿಗೆ ಕಿತ್ತು ಮತ್ತೆ ಹಾಸಿಸುತ್ತಿದ್ದರು. ಆಗ ಅತ್ತಿದ್ದೇನೆ. ಈಗ ಈ ವಯಸ್ಸಿನಲ್ಲೂ ನನ್ನ ಹಾಸಿಗೆಯ ಮೂಲೆಗಳು ಅವರು ಬಂದು ನೋಡಿದರೂ ಒಪ್ಪುವಂತಿರುತ್ತವೆ.

ನಾನು ಆಗ ಹರಿಹರದಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಣ್ಣ ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್. ಅವನ ಸೈಕಲ್ ಕಾರ್ಖಾನೆಯ ಕಡೆ ತಿರುಗುವ ಹೊತ್ತಿಗೆ ನಾನು ಸ್ಟೇಷನ್ನಿನ ಕಡೆ ನಡೆಯುತ್ತಿದ್ದೆ. ಬೆಳಗಿನ ಗಾಡಿ ಹತ್ತಿ, ಹತ್ತಿಮಿಲ್ಲಿನ ಚಿಮಣಿಗಳು ಕಾಣುತ್ತಲೇ ಸೆರಗು ಸರಿಮಾಡಿಕೊಂಡು ಇಳಿಯಲು ನಿಲ್ಲುವುದು. ದವಾಖಾನೆಯ ಬೀಗ ತೆಗೆಯುವುದು ನಾನೇ. ಮೊದಲು ಸೀಮೆಎಣ್ಣೆ ಸ್ಟೌ ಹಚ್ಚಿ ಇಕ್ಕಳಗಳನ್ನು ಕುದಿಯಲು ಇಡುವುದು, ಆಮೇಲೆ ನೆಲ ಒರೆಸುವುದು, ಆಮೇಲೆ ಗ್ಯಾಸಿನ ಯಂತ್ರ ನೋಡುವುದು.

ಆ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಡಾಕ್ಟರು ಬೊಂಬಾಯಿಯಲ್ಲಿ ಓದಿದವರು. ಅಲ್ಲಿ ಊರು ಬಿಟ್ಟು ಹೊರಟ ಒಬ್ಬ ಮುದುಕ ದಂತವೈದ್ಯರಿಂದ ಅದನ್ನು ಕೊಂಡು ತಂದಿದ್ದರು. ಗಾಲಿಗಳ ಮೇಲೆ ನಿಂತ ಕಬ್ಬಿಣದ ಚೌಕಟ್ಟು. ಅದರಲ್ಲಿ ನೀಲಿ ಬಣ್ಣದ ಸಿಲಿಂಡರು, ಕರಿ ಬಣ್ಣದ ಸಿಲಿಂಡರು. ನೀಲಿಯದರಲ್ಲಿ ನಗೆಗ್ಯಾಸು, ಕರಿಯದರಲ್ಲಿ ಆಮ್ಲಜನಕ. ಎರಡನ್ನೂ ಬೆರೆಸುವ ತಿರುಪುಗಳು, ಒಂದು ರಬ್ಬರಿನ ಚೀಲ, ಅಲ್ಲಿಂದ ಹೊರಟ ಕೊಳವೆ, ಕೊಳವೆಯ ತುದಿಗೆ ಮೂಗಿನ ಮೇಲೆ ಕೂರುವ ರಬ್ಬರಿನ ಮುಚ್ಚಳ. ಸಿಲಿಂಡರುಗಳು ರೈಲ್ವೆ ಪಾರ್ಸೆಲ್‌ನಲ್ಲಿ ಬರುತ್ತಿದ್ದವು. ಹಳ್ಳಿಯಿಂದ ಬಂದವರು ಅದನ್ನು ನೋಡಿ, ಮದುವೆ ಮೆರವಣಿಗೆಯಲ್ಲಿ ಉರಿಸುವ ಗ್ಯಾಸ್‌ಲೈಟಿನದೇ ಏನೋ ಎಂದುಕೊಂಡು ದೂರ ನಿಲ್ಲುತ್ತಿದ್ದರು.

ಅದು ಮೈಮರೆಸುವುದಕ್ಕಲ್ಲ. ಡಾಕ್ಟರು ಕೊಡುತ್ತಿದ್ದ ಅಳತೆಯಲ್ಲಿ ಯಾರೂ ನಿದ್ದೆ ಹೋಗುತ್ತಿರಲಿಲ್ಲ, ಹೆಸರಿಗೆ ತಕ್ಕಂತೆ ನಗುತ್ತಲೂ ಇರಲಿಲ್ಲ. ಹಲ್ಲಿನ ನೋವಿಗೆ ಚುಚ್ಚುಮದ್ದು ಬೇರೆ ಇತ್ತು. ಆ ಚುಚ್ಚುಮದ್ದಿನ ಸೂಜಿ ಕಂಡೇ ಗಡಗಡ ನಡುಗುವವರಿಗೆ, ಕುರ್ಚಿಗೆ ಬೆನ್ನು ಕೊಡಲಾರದವರಿಗೆ ಮಾತ್ರ ಗ್ಯಾಸು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಡಾಕ್ಟರು ಒಂದು ಸಂಜೆ, “ಏನು ಕೊಡ್ತೀರಿ ಅನ್ನೋದು ಗೊತ್ತಿರಲಿ, ಕೂಡ್ರಿ” ಎಂದು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದ್ದರು. ಸ್ವಲ್ಪ ಸಿಹಿ ವಾಸನೆ. ಬೆರಳ ತುದಿ ಜುಮ್ಮೆಂದಿತು, ಪಾದ ಬೆಚ್ಚಗಾಯಿತು. ಆ ದಿನ ನಾನು ಅಣ್ಣನ ಜೊತೆ ಜಗಳವಾಡಿ ಬಂದಿದ್ದೆ. ಜಗಳ ಎಲ್ಲಿಗೂ ಹೋಗಲಿಲ್ಲ, ಆದರೆ ಎದ್ದು ಪಕ್ಕದ ಕೋಣೆಗೆ ಹೋಗಿ ಕೂತಂತಾಯಿತು. ಇದ್ದದ್ದು ಗೊತ್ತು, ಮೈಗೆ ತಾಗುತ್ತಿಲ್ಲ. ಗಡಿಯಾರದ ಟಿಕ್‌ಟಿಕ್ ಮಾತ್ರ ಬಹಳ ಸಾವಕಾಶವಾಗಿ, ಬಹಳ ಅಚ್ಚುಕಟ್ಟಾಗಿ ಕೇಳುತ್ತಿತ್ತು. ಆಮ್ಲಜನಕ ಕೊಟ್ಟ ಮೇಲೆ ಎಲ್ಲ ತಿಳಿಯಾಗಿ ಎದ್ದು ಕೂತೆ. ಅಂದಿನಿಂದ ಹೆದರಿದವರನ್ನು ಬೈಯುವುದು ಬಿಟ್ಟೆ.

ಈಗ ಆ ಗುರುವಾರಕ್ಕೆ ಬರುತ್ತೇನೆ.

ಬಂದ ರೋಗಿ ಸನಾದಿ ನುಡಿಸುವವರು. ಹದಡಿಯಲ್ಲಿ ಹೊಲವಿದ್ದ ಮನೆ. ಮಳೆಗಾಲದಲ್ಲಿ ಬೇಸಾಯ, ಮದುವೆಯ ತಿಂಗಳುಗಳಲ್ಲಿ ವಾಲಗ. ಅವರನ್ನು ಸನಾದಿಯವರು ಎಂದೇ ಕರೆಯುತ್ತೇನೆ, ಆ ದಿನವೂ ಹಾಗೇ ಕರೆದೆ. ನಲವತ್ತರ ಆಸುಪಾಸು, ಎತ್ತರದ ಆಳು, ತಲೆಗೆ ಬಿಳಿ ರುಮಾಲು. ಎಡಗೆನ್ನೆ ಊದಿ ಕಣ್ಣು ಸಣ್ಣದಾಗಿತ್ತು. ಕೆಳದವಡೆಯ ಕೊನೆಯ ಹಲ್ಲು ಹುಳುಕಾಗಿ ಬುಡದಲ್ಲಿ ಕೀವು ಕಟ್ಟಿತ್ತು. ಹಿಂದೆ ಎರಡು ಸಲ ಬಂದು, ಎರಡು ಸಲವೂ ಕುರ್ಚಿಯಿಂದ ಎದ್ದು ಹೋಗಿದ್ದರು. ಮಾತ್ರೆ ನುಂಗಿ ಬಾವು ಸ್ವಲ್ಪ ಇಳಿದಿತ್ತು, ಹಲ್ಲು ಕೀಳದೆ ಬೇರೆ ದಾರಿಯಿರಲಿಲ್ಲ. ಆ ತಿಂಗಳ ಕೊನೆಗೆ ಹರಿಹರದಲ್ಲಿ ಅವರ ಅಕ್ಕನ ಮಗಳ ಮದುವೆ. ತಾಳಿ ಕಟ್ಟುವಾಗ ಸೋದರಮಾವನೇ ಸನಾದಿ ಊದಬೇಕೆಂದು ಹುಡುಗಿ ಹಟ ಹಿಡಿದಿದ್ದಳಂತೆ. ಹಲ್ಲು ಇದ್ದರೆ ಕೆನ್ನೆ ಉಬ್ಬಿಸಿ ಊದುವಂತಿಲ್ಲ. ತಡಮಾಡಿ ಕಿತ್ತರೆ ಗಾಯ ಮಾಗಲು ದಿನ ಸಾಲುವುದಿಲ್ಲ. ಅಂದೇ ಆಗಬೇಕಿತ್ತು.

ನಾನು ಎಂದಿನಂತೆ ಕೇಳಿದೆ. “ಬೆಳಿಗ್ಗೆಯಿಂದ ಬಾಯಿಗೆ ಏನು ಹೋಗೈತೆ?” ಊಟ ಆಯಿತೇ ಎಂದು ನಾನು ಯಾರನ್ನೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಅವಲಕ್ಕಿ, ಮಂಡಕ್ಕಿ, ಬಾಳೆಹಣ್ಣು, ಚಹಾ ಯಾವುದೂ ಊಟದ ಲೆಕ್ಕಕ್ಕೆ ಬರುವುದಿಲ್ಲ.

“ಏನೂ ಇಲ್ರಿ ಸಿಸ್ಟರಮ್ಮ, ನೀವು ಹೇಳಿದ್ದಕ್ಕೆ ಬರೇ ಹೊಟ್ಟೇಲೇ ಕರಕಂಡು ಬಂದೀನಿ,” ಎಂದರು ಹೆಂಡತಿ. ಗಟ್ಟಿಮುಟ್ಟಾದ ಹೆಂಗಸು, ಮಾತಿಗೆ ತಡವರಿಸುವವರಲ್ಲ.

ತಮ್ಮ ಗೋಡೆಗೆ ಒರಗಿ ನಿಂತಿದ್ದ. “ಅತ್ತಿಗೆ, ಅವ್ವ ಕೊಟ್ಟ ಮೊಸರನ್ನ?”

“ಅದು ಊಟ ಅಲ್ಲ ಕಣಪ್ಪ, ಶಕುನ! ಒಂದು ಕೆಲಸಕ್ಕೆ ಅಂತ ಹೊಸ್ತಿಲು ದಾಟೋರಿಗೆ ಮೊಸರು ಕೊಡದೆ ಕಳಿಸ್ತಾರೇನು? ಹಿರೇರು ಕೈಯಾಗ ಹಿಡಕಂಡು ನಿಂತ್ರೆ ಬ್ಯಾಡ ಅನ್ನಾಕ ಆಗ್ತತಾ?”

“ಎಷ್ಟು ತಿಂದರು?” ಎಂದೆ.

“ಶಕುನಕ್ಕೆ ಎಷ್ಟು ಬೇಕೋ ಅಷ್ಟು.”

“ಒಂದು ಬಟ್ಟಲು ತುಂಬ,” ಎಂದ ತಮ್ಮ. “ಬಟ್ಟಲು ನೆಕ್ಕಿದ್ದೂ ನೋಡೀನಿ.”

ಸನಾದಿಯವರು ಊದಿದ ಕೆನ್ನೆಯ ಸಂದಿಯಿಂದ, “ಮೆತ್ತಗಿತ್ತು, ಅದಕ್ಕ ಇಳೀತು,” ಎಂದರು.

ತುಂಬಿದ ಹೊಟ್ಟೆಯ ಮೇಲೆ ಗ್ಯಾಸು ಕೊಟ್ಟರೆ ವಾಂತಿಯಾಗುವ ಭಯ. ಬಾಯಲ್ಲಿ ಇಕ್ಕಳ ಇರುವಾಗ ಅದು ಆಗಬಾರದು. ಮಧ್ಯಾಹ್ನ ಮಿಲ್ಲಿನ ಸೈರನ್ ಕೂಗಿದ ಮೇಲೆ ನೋಡೋಣ, ಅಲ್ಲಿಯವರೆಗೆ ನೀರೂ ಇಲ್ಲ ಎಂದು ಡಾಕ್ಟರು ತೀರ್ಪು ಕೊಟ್ಟು, ಮುಂದಿನ ರೋಗಿಯನ್ನು ಕರೆದರು. ಮೂವರನ್ನೂ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದೆ.

ಕಾಯುವುದೇ ಹೆದರಿದವರಿಗೆ ದೊಡ್ಡ ಶಿಕ್ಷೆ. ನಾನು ಒಳಗೆ ಹೊರಗೆ ಓಡಾಡುವಾಗೆಲ್ಲ ಒಂದು ಕಣ್ಣು ಆ ಬೆಂಚಿನ ಮೇಲೆ ಇಟ್ಟಿದ್ದೆ. ಸನಾದಿಯವರು ಎರಡು ಸಲ ಎದ್ದು ನಿಂತರು.

“ಎಲ್ಲಿಗೆ?” ಎಂದರು ಹೆಂಡತಿ.

“ಬೀಡಿ ತಗಂಡು ಬರ್ತೀನಿ.”

“ನೀವು ಬೀಡಿ ಬಿಟ್ಟು ಎಷ್ಟು ವರ್ಷ ಆತು? ರುಮಾಲು ಕೊಡ್ರಿ ಇಲ್ಲಿ.”

ರುಮಾಲು ಬಿಚ್ಚಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಸನಾದಿಯ ಚೀಲವನ್ನು ಬೆಂಚಿನಿಂದ ಎತ್ತಿ ಬೆನ್ನ ಹಿಂದೆ ಇರಿಸಿಕೊಂಡರು. ಬರಿದಲೆಯಲ್ಲಿ ಬೀದಿಗೆ ಇಳಿಯುವ ಗಂಡಸು ಆಗ ಹದಡಿಯಲ್ಲಿ ಇರಲಿಲ್ಲ. ಸನಾದಿ ಬಿಟ್ಟು ಹೋಗುವುದಂತೂ ದೂರದ ಮಾತು. ಸನಾದಿಯವರು ತಲೆ ಸವರಿಕೊಂಡು ಕೂತರು.

“ಹಲ್ಲು ಕೀಳಿಸಾಕೆ ಬರೋರು ಸನಾದಿ ಯಾಕ ತಂದ್ರಿ?” ಎಂದು ಕೇಳಿದೆ.

“ನಾನೇ ತರಿಸೀನಿ ಸಿಸ್ಟರಮ್ಮ,” ಎಂದರು ಹೆಂಡತಿ. “ಹಿಂದಿನ ಎರಡು ಸಲ ಇದು ಊರಾಗಿತ್ತು, ಇವರು ಇಲ್ಲಿಂದ ಓಟ ಕಿತ್ರು. ಈ ಸಲ ಇದು ನನ್ನ ಹತ್ರ ಐತೆ. ಅದ್ಹೆಂಗೆ ಓಡ್ತಾರೋ ನೋಡ್ತೀನಿ.”

ಹೆದರಿಕೆ ಯಾವುದರದು ಎಂದು ಕೇಳುವುದು ನನ್ನ ಕೆಲಸದಲ್ಲಿ ಸೇರಿತ್ತು. ಸೂಜಿಗೆ ಹೆದರುವವರಿಗೆ ಒಂದು ಮಾತು, ರಕ್ತಕ್ಕೆ ಹೆದರುವವರಿಗೆ ಇನ್ನೊಂದು. ಸನಾದಿಯವರನ್ನೂ ಕೇಳಿದೆ.

“ನೋವಿಗೆ ಹೆದರಂಗಿಲ್ರಿ. ನೇಗಿಲ ಗುಳ ಕಾಲ ಮ್ಯಾಲೆ ಬಿದ್ದಾಗ ನಾನು ಅಳಲಿಲ್ಲ,” ಎಂದರು. ಆಮೇಲೆ ಕಾರಣ ಹೇಳಿದರು. ಅವರ ಅಪ್ಪನೂ ಸನಾದಿಯವರೇ. ದಾವಣಗೆರೆ ಸಂತೆಯಲ್ಲಿ ಚಾಪೆ ಹಾಸಿ ಕೂತು ಹಲ್ಲು ಕೀಳುವ ಒಬ್ಬನ ಹತ್ತಿರ ಹೋದರಂತೆ. ಅವನು ಹುಳುಕು ಹಲ್ಲಿನ ಜೊತೆ ಪಕ್ಕದ್ದನ್ನೂ ಮುರಿದ, ಮುಂದಿನದನ್ನೂ ಅಲ್ಲಾಡಿಸಿದ. ಆಮೇಲೆ ಊದಿದರೆ ಗಾಳಿ ಪಕ್ಕದಿಂದ ಸೋರುತ್ತಿತ್ತು. ರಾಗ ನಿಲ್ಲಲಿಲ್ಲ. ಕೊನೆಯವರೆಗೂ ಅಪ್ಪ ಮಗನ ಪಕ್ಕದಲ್ಲಿ ಕೂತು ಶ್ರುತಿ ಹಿಡಿದರು.

ವಾಲಗದಲ್ಲಿ ಒಬ್ಬರು ರಾಗ ನುಡಿಸಿದರೆ ಪಕ್ಕದವರು ಇನ್ನೊಂದು ಕೊಳವೆಯಲ್ಲಿ ಒಂದೇ ಸ್ವರವನ್ನು ಉಸಿರು ಕಡಿಯದಂತೆ ಊದುತ್ತಿರುತ್ತಾರೆ. ಅದೇ ಶ್ರುತಿ. ಈಗ ಆ ಕೆಲಸ ತಮ್ಮನದು.

“ನಾನೂ ಸುತಿ ಹಿಡಿಯೋನಾಗಿ ಬಿಟ್ರೆ?” ಎಂದರು ಸನಾದಿಯವರು.

ತಮ್ಮ ಗೋಡೆ ಬಿಟ್ಟು ಎದುರು ಬಂದು ನಿಂತ. “ಯಾಕಣ್ಣ, ಸುತಿ ಹಿಡಿಯೋದು ಅಂದ್ರೆ ಅಷ್ಟು ಕಡೆ ಆತಾ? ಹದಿನಾರು ವರ್ಷದಿಂದ ನಿನ್ನ ಮಗ್ಗುಲಾಗ ಕೂತು ಪೀ ಅಂತಿದೀನಿ, ನಾನೇನು ಸತ್ತೀನಾ?”

“ನಿಂಗೆ ಬಿಡಪ್ಪ, ಸುತಿ ಊದ್ತಾ ಊದ್ತಾ ಮದುವಿ ಹೆಣ್ಣಿನ ಗೆಳತೇರನ್ನ ನೋಡಬೌದು.”

“ನೋಡೀನಿ, ಅದಕ್ಕ ಕಣ್ಣು ಬಿಟ್ಟು ಊದ್ತೀನಿ. ನೀನು ಕಣ್ಣು ಮುಚ್ಚಿ ಊದ್ತೀಯಲ್ಲ, ಏನು ಕಂಡೆ?”

ಹೆಂಡತಿ ನಕ್ಕರು. ಸನಾದಿಯವರೂ ನಗಲು ಹೋಗಿ ಕೆನ್ನೆ ಹಿಡಿದುಕೊಂಡರು.

ಡಾಕ್ಟರು ರೋಗಿಗಳ ನಡುವೆ ಹೊರಗೆ ಬಂದು ಅವರ ಎದುರು ಕೂತು ವಿವರಿಸಿದರು. ಕೀಳುವುದು ಹಿಂದಿನ ಹಲ್ಲು. ತುಟಿಗೂ, ತುಟಿಗಿಟ್ಟು ಊದುವ ಪೀಪಿಗೂ ಅದಕ್ಕೂ ಸಂಬಂಧವಿಲ್ಲ. ಮುಂದಿನ ಹಲ್ಲುಗಳು ಗಟ್ಟಿಯಾಗಿವೆ. ಬೇಕಾದರೆ ಕನ್ನಡಿ ಕೊಡುತ್ತೇನೆ, ನೋಡಿಕೊಳ್ಳಿ. ಸನಾದಿಯವರು ಎಲ್ಲದಕ್ಕೂ ಹೌದ್ರಿ, ಹೌದ್ರಿ ಎಂದರು. ತಲೆ ಒಪ್ಪಿತ್ತು. ಮೊಣಕಾಲು ಮಾತ್ರ ಹೊಲಿಗೆ ಯಂತ್ರ ತುಳಿದಂತೆ ಅಲ್ಲಾಡುತ್ತಲೇ ಇತ್ತು.

ಸೈರನ್ ಕೂಗಿತು. ಸ್ವಲ್ಪ ಹೊತ್ತು ಬಿಟ್ಟು ಅವರನ್ನು ಒಳಗೆ ಕರೆದೆ. ಕೋಣೆಯೊಳಗೆ ರೋಗಿ, ಡಾಕ್ಟರು, ನಾನು. ಇನ್ನಾರೂ ಇರಬಾರದು ಎಂಬುದು ನಿಯಮ. ಹೆಂಡತಿ ಬಾಗಿಲವರೆಗೂ ಬಂದು, ರುಮಾಲನ್ನು ಎದೆಗೆ ಒತ್ತಿಕೊಂಡು ನಿಂತರು. ಬಾಗಿಲು ಮುಚ್ಚಿದೆ.

ಸನಾದಿಯವರು ಕುರ್ಚಿಯಲ್ಲಿ ಕೂತರು. ಕೂತರು ಎನ್ನುವುದಕ್ಕಿಂತ ಅದರ ಅಂಚಿನ ಮೇಲೆ ಇದ್ದರು. ಮೂಗಿನ ಮುಚ್ಚಳ ಇಟ್ಟು ಮೊದಲು ಆಮ್ಲಜನಕ ಬಿಟ್ಟೆ, ಡಾಕ್ಟರು ನೀಲಿ ಸಿಲಿಂಡರಿನ ತಿರುಪನ್ನು ಮೆಲ್ಲಗೆ ತಿರುಗಿಸಿದರು.

“ಮೂಗಿನಿಂದ ಉದ್ದಕ್ಕೆ ಉಸಿರು ತಗೊಳ್ರಿ,” ಎಂದೆ.

ನನ್ನ ಕಣ್ಣು ಯಾವಾಗಲೂ ರಬ್ಬರಿನ ಚೀಲದ ಮೇಲೆ ಇರುತ್ತದೆ. ರೋಗಿಯ ಉಸಿರು ಒಳಗೆ ಹೋದಂತೆ ಅದು ಕುಗ್ಗಬೇಕು, ಮತ್ತೆ ತುಂಬಬೇಕು. ಸನಾದಿಯವರ ಚೀಲ ಅಲ್ಲಾಡಲೇ ಇಲ್ಲ. ಬಾಯಿ ತೆರೆದು ಬಾಯಿಂದಲೇ ಏದುಸಿರು ಬಿಡುತ್ತಿದ್ದರು. ಬಾಯಿ ಮುಚ್ಚಿರಿ ಎಂದೆ. ಮುಚ್ಚಿದರು, ಕೆನ್ನೆಗಳು ಉಬ್ಬಿದವು. ಊದುವವರ ಅಭ್ಯಾಸ ಅದು. ಗಾಳಿಯನ್ನು ಕೆನ್ನೆಯಲ್ಲಿ ಕೂಡಿಟ್ಟು, ಮೂಗಿನಿಂದ ಚೂರು ಚೂರೇ ಕದ್ದು ತೆಗೆದುಕೊಳ್ಳುತ್ತಿದ್ದರು. ಕೆನ್ನೆ ಉಬ್ಬಿದಾಗ ಹಲ್ಲು ಚುಚ್ಚಿತು, ಹೆದರಿಕೆ ಇನ್ನೂ ಹೆಚ್ಚಿತು. ಗ್ಯಾಸು ಕೋಣೆಗೆ ಹೋಗುತ್ತಿತ್ತು, ಮನುಷ್ಯನಿಗಲ್ಲ.

ಡಾಕ್ಟರು ಸ್ವಲ್ಪ ಹೊತ್ತು ಕಾದರು. ಬಲವಂತ ಮಾಡುವವರಲ್ಲ ಅವರು. ತಿರುಪು ಮುಚ್ಚಿ, “ಇವತ್ತು ಬ್ಯಾಡ ಸಿಸ್ಟರ್. ಇವರಿಗೂ ಕಷ್ಟ. ನಾಳೆ ನಾಡಿದ್ದು ನೋಡಾಣ,” ಎಂದರು.

ಸನಾದಿಯವರು ಮೂಗಿನ ಮುಚ್ಚಳ ತೆಗೆದು ಎದ್ದು ಕೂತರು. ಬಿಡುಗಡೆಯ ಮುಖವಿರಬೇಕಿತ್ತು. ಇರಲಿಲ್ಲ. ಮೂರನೇ ಸಲವೂ ಆಗದೆ ಹೋದರೆ ನಾಲ್ಕನೇ ಸಲ ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. “ಹುಡುಗಿಗೆ ಏನು ಹೇಳ್ಲಿ?” ಎಂದು ನೆಲ ನೋಡುತ್ತ ಅಂದರು.

ನಾನು ಕೇಳಿದೆ, “ಸನಾದಿಯವರೆ, ರಾಗ ಶುರು ಮಾಡೋ ಮುಂಚೆ ನೀವು ಉಸಿರು ಹೆಂಗೆ ತಗೊಳ್ತೀರಿ? ಊದಾಕ ಇನ್ನೂ ಹಚ್ಚಿಲ್ಲ, ಕೈಯಾಗ ಹಿಡಿದು ಕೂತೀರಿ. ಆಗ?”

“ಆಗ ಏನೂ ಮಾಡಂಗಿಲ್ರಿ. ಸುತಿ ಕೇಳ್ತಾ ಕೂಡ್ತೀನಿ. ಉಸಿರು ತಾನೇ ಕೆಳಗೆ ಇಳೀತತೆ.”

“ಎಲ್ಲಿಂದ ತಗೊಳ್ತೀರಿ, ಬಾಯಿಂದಲೋ ಮೂಗಿನಿಂದಲೋ?”

“ಮೂಗಿನಿಂದ್ಲೇ. ಬಾಯಿ ಒಣಗಬಾರದಲ್ರಿ.”

ನಾನು ಡಾಕ್ಟರ ಮುಖ ನೋಡಿದೆ. ಕೋಣೆಯೊಳಗೆ ನಾಲ್ಕನೆಯವರು ಇರಬಾರದೆಂಬ ನಿಯಮ ನಾನೇ ಕಾಯ್ದುಕೊಂಡು ಬಂದದ್ದು, ಅದನ್ನು ಮುರಿಯಲು ಮನಸ್ಸಿಲ್ಲ. ಕುರ್ಚಿಯ ಹಿಂದೆ ಒಂದು ಕಿಟಕಿ ಇತ್ತು, ಹಿತ್ತಲ ಕಟ್ಟೆಯ ಕಡೆಗೆ. “ಕಿಟಕಿಯ ಹೊರಗೆ ಕೂತರೆ ಒಳಗಿದ್ದಂತಲ್ಲ, ಅಲ್ವಾ ಡಾಕ್ಟರೆ?” ಎಂದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅವರು ಒಪ್ಪುವ ರೀತಿ.

ಬಾಗಿಲು ತೆರೆದು ತಮ್ಮನನ್ನು ಕರೆದೆ. ವಿಷಯ ಹೇಳಿದಾಗ ಅವನು ಮೊದಲು ನನ್ನನ್ನು, ಆಮೇಲೆ ಅತ್ತಿಗೆಯನ್ನು ನೋಡಿದ. “ಹಲ್ಲು ಕೀಳಾಕ ಸುತಿನಾ? ನಮ್ಮ ವಂಶದಾಗ ಯಾರೂ ಇದಕ್ಕ ಊದಿಲ್ಲ ಬಿಡ್ರಿ.”

“ಹೋಗಪ್ಪ ಸುಮ್ನೆ,” ಎಂದು ಹೆಂಡತಿ ಬೆನ್ನ ಹಿಂದಿನ ಚೀಲದಿಂದ, ಸನಾದಿಯ ಜೊತೆಗೇ ಇದ್ದ ಶ್ರುತಿಯ ಕೊಳವೆ ತೆಗೆದು ಕೊಟ್ಟರು. ಸನಾದಿಯನ್ನು ಮಾತ್ರ ಕೊಡಲಿಲ್ಲ.

ಅವನು ಹಿತ್ತಲಿಗೆ ಹೋಗಿ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಪೀಪಿ ನೆನೆಸಿಕೊಂಡು ಒಂದೆರಡು ಸಲ ಪರೀಕ್ಷೆ ಮಾಡಿ, ಮೆಲ್ಲಗೆ ಹಿಡಿದ. ಒಂದೇ ಸ್ವರ. ಏರಿಲ್ಲ, ಇಳಿವಿಲ್ಲ. ಕಿಟಕಿಯ ಬಾಗಿಲನ್ನು ಅರ್ಧ ಮುಂದೆ ಮಾಡಿದೆ. ಸ್ವರ ಕೋಣೆಯೊಳಗೆ ಬಂದು ನಿಂತಿತು.

ಮೂಗಿನ ಮುಚ್ಚಳ ಮತ್ತೆ ಇಟ್ಟೆ. ಸನಾದಿಯವರು ಅಂಚಿನಿಂದ ಹಿಂದೆ ಸರಿದರು. ಬೆನ್ನು ಕುರ್ಚಿಗೆ ತಾಗಿತು, ಕಣ್ಣು ಮುಚ್ಚಿತು. ಕೆನ್ನೆ ಇಳಿಯಿತು. ನಾನು ಚೀಲದ ಮೇಲೆ ಕಣ್ಣಿಟ್ಟೆ. ಅದು ಕುಗ್ಗಿತು. ಬಹಳ ಹೊತ್ತು ಕುಗ್ಗಿ, ಇನ್ನು ತಳ ಮುಟ್ಟುತ್ತದೆ ಎನ್ನುವಾಗ ನಿಂತು, ಮತ್ತೆ ತುಂಬಿತು. ಅಷ್ಟು ಉದ್ದದ ಉಸಿರನ್ನು ಆ ಕುರ್ಚಿಯಲ್ಲಿ ಅದುವರೆಗೆ ನಾನು ಕಂಡಿರಲಿಲ್ಲ. ಗದ್ದೆಗೆ ನೀರು ಬಿಟ್ಟಂತೆ ಒಂದೇ ಹದದಲ್ಲಿ ಹೋಗುತ್ತಿತ್ತು.

ಡಾಕ್ಟರು ತಿರುಪನ್ನು ಸ್ವಲ್ಪ ಸ್ವಲ್ಪವೇ ತೆರೆದರು. ಎಂದಿನ ಅಳತೆಗಿಂತ ಕಡಿಮೆಯಲ್ಲೇ ಕೆಲಸವಾಯಿತು. ಮೊಣಕಾಲು ನಿಂತಿತು.

“ಹೆಂಗೈತೆ?” ಎಂದೆ.

“ಬೆರಳು ಜುಮ್ ಅಂತಾವೆ,” ಎಂದರು. ದನಿ ಸಾವಕಾಶವಾಗಿತ್ತು. “ಚಲೋ ಐತೆ. ಅವನಿಗೆ ಹೇಳ್ರಿ, ಒಂದು ಎಳೆ ಕೆಳಗೆ ಬಂದಾನ ಅಂತ.”

ಹೇಳಬೇಕಾಗಲಿಲ್ಲ. ಕಿಟಕಿಯಾಚೆ ಸ್ವರ ತಾನೇ ಒಂದು ಎಳೆ ಮೇಲಕ್ಕೆ ಸರಿದು ನಿಂತಿತು.

ಚುಚ್ಚುಮದ್ದು ಕೊಟ್ಟಾಗ ಹುಬ್ಬು ಮಾತ್ರ ಅಲ್ಲಾಡಿತು. ಜೋಮು ಹಿಡಿಯುವವರೆಗೆ ಕಾಯುತ್ತಿದ್ದಾಗ ಅವರ ಕೈಗಳನ್ನು ನೋಡಿದೆ. ಕುರ್ಚಿಯ ತೋಳುಗಳ ಮೇಲೆ ಹತ್ತೂ ಬೆರಳು ಏಳುತ್ತಿದ್ದವು, ಬೀಳುತ್ತಿದ್ದವು. ಯಾವುದೋ ರಾಗ ನಡೆಯುತ್ತಿತ್ತು, ನಮಗೆ ಕೇಳುತ್ತಿರಲಿಲ್ಲ. ಡಾಕ್ಟರು ಇಕ್ಕಳ ಹಿಡಿದಾಗಲೂ ಬೆರಳು ನಿಲ್ಲಲಿಲ್ಲ. ಹಲ್ಲು ಬಿಗಿಯಾಗಿತ್ತು. ಹಿಂದೆ ಮುಂದೆ ಆಡಿಸಿ, ಬೇರು ಮುರಿಯದಂತೆ ಅವರು ಅದನ್ನು ಎತ್ತಿದರು. ಬೇರಿನ ತುದಿಯಲ್ಲಿ ಕೀವಿನ ಗಂಟು. ಹತ್ತಿ ಇಟ್ಟು, ಕಚ್ಚಿ ಹಿಡಿಯಿರಿ ಎಂದರು. ನೀಲಿ ತಿರುಪು ಮುಚ್ಚಿ ಆಮ್ಲಜನಕ ಬಿಟ್ಟೆ.

ಇಷ್ಟರಲ್ಲಿ ಮುಂಬಾಗಿಲ ಕಡೆ ಗದ್ದಲ. ಶ್ರುತಿಯ ಸದ್ದು ಕೇಳಿ ಬೀದಿಯವರು ಬಂದಿದ್ದರು. ಪಾಳಿ ಮುಗಿಸಿ ಮನೆಗೆ ಹೊರಟ ಮಿಲ್ಲಿನವರು, ಮಂಡಕ್ಕಿ ಅಂಗಡಿಯವನು, ಎದುರು ಮನೆಯ ಅಜ್ಜಿ. ನಾನು ಬಾಗಿಲು ಸರಿಸಿ ನೋಡಿದೆ.

“ಏನ್ರಿ ತಾಯಿ, ಡಾಕ್ಟ್ರಿಗೆ ಮದುವಿ ಗೊತ್ತಾತೇನು?” ಎಂದು ಒಬ್ಬ ಕೇಳುತ್ತಿದ್ದ.

ಹೆಂಡತಿ ಬೆಂಚಿನಿಂದ ಅಲ್ಲಾಡದೆ, “ಡಾಕ್ಟ್ರಿಗಲ್ಲ. ನಮ್ಮ ಯಜಮಾನ್ರ ಹಲ್ಲು ಗಂಡನ ಮನಿಗೆ ಹೊಂಟೈತೆ. ಅದಕ್ಕ ವಾಲಗ,” ಎಂದರು.

“ಹಂಗಾದ್ರೆ ಅಕ್ಷತೆ?”

“ನೀ ಮಂಡಕ್ಕಿ ತಂದು ಹಾಕು.”

ನಗು ಎದ್ದಿತು. ಒಳಗೆ ಸನಾದಿಯವರು ಕಣ್ಣು ತೆರೆದು, ಹತ್ತಿ ಕಚ್ಚಿದ ಬಾಯಿಂದ ಉಮ್ ಉಮ್ ಎಂದರು. ಆಯಿತೇ ಎಂದು ಕೇಳುತ್ತಿದ್ದಾರೆ ಎಂದು ನನಗೆ ತಿಳಿಯಿತು. ಬಟ್ಟಲಲ್ಲಿದ್ದ ಹಲ್ಲನ್ನು ತೋರಿಸಿದೆ. ನೋಡಿದರು. ಕೂಡಲೇ ನಾಲಿಗೆಯನ್ನು ಮುಂದಿನ ಹಲ್ಲುಗಳ ಮೇಲೆ ಒಂದೊಂದಾಗಿ ಆಡಿಸಿದರು, ಮೇಲೆ, ಕೆಳಗೆ. ಎಲ್ಲ ಅವುಗಳ ಜಾಗದಲ್ಲಿದ್ದವು. ಕಣ್ಣಂಚಿನಲ್ಲಿ ನೀರು ಬಂತು. ಅದು ಗ್ಯಾಸಿನದಲ್ಲ, ಗ್ಯಾಸು ಅಷ್ಟರಲ್ಲಿ ಇಳಿದಿತ್ತು.

ಕಿಟಕಿಯಾಚೆ ಶ್ರುತಿ ಮಾತ್ರ ನಡೆದೇ ಇತ್ತು. ಹಲ್ಲು ಬಂದದ್ದು ತಮ್ಮನಿಗೆ ಯಾರೂ ಹೇಳಿರಲಿಲ್ಲ. ನಾನು ಕಿಟಕಿ ತೆರೆದು, “ಆತಪ್ಪ, ನಿಲ್ಲಿಸು,” ಎಂದೆ. ಅವನು ಊದುತ್ತಲೇ ತಲೆ ಅಲ್ಲಾಡಿಸಿದ, ಆಗುವುದಿಲ್ಲ ಎನ್ನುವಂತೆ. ಸನಾದಿ ನಿಂತ ಮೇಲೆ ಶ್ರುತಿ ನಿಲ್ಲಬೇಕು, ನಿಲ್ಲಿಸು ಎಂದು ಹೇಳುವ ಹಕ್ಕು ಮುಂದೆ ಕೂತವರದು. ನರ್ಸಮ್ಮನದಲ್ಲ, ಡಾಕ್ಟರದೂ ಅಲ್ಲ. ಆ ಕಟ್ಟುನಿಟ್ಟು ನನಗೆ ಬಹಳ ಹಿಡಿಸಿತು. ನಮ್ಮ ಮೇಟ್ರನ್ ಬಾಯಿ ಇದ್ದಿದ್ದರೆ ಅವನನ್ನು ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು.

ಸನಾದಿಯವರು ಎದ್ದು, ಕುರ್ಚಿ ಹಿಡಿದು, ಕಿಟಕಿಯ ಹತ್ತಿರ ಹೋಗಿ ಸರಳಿನ ಮೇಲೆ ಕೈಯಿಂದ ಮೆಲ್ಲಗೆ ತಟ್ಟಿದರು. ಸ್ವರ ನಿಂತಿತು. ಅಣ್ಣ ತಮ್ಮ ಸರಳುಗಳ ನಡುವಿಂದ ಒಬ್ಬರನ್ನೊಬ್ಬರು ನೋಡಿದರು.

“ಹೋತಾ?” ಎಂದ ತಮ್ಮ.

ಅಣ್ಣ ತಲೆಯಾಡಿಸಿದರು.

“ಹೋಗ್ಲಿ ಬಿಡು. ಶಕುನದ ಮೊಸರನ್ನ ಕೆಲಸ ಮಾಡ್ತು.”

ಡಾಕ್ಟರು ಸನಾದಿಯವರ ಹೆಂಡತಿಯನ್ನು ಒಳಗೆ ಕರೆದು ಹೇಳಿದರು. ಉಪ್ಪುನೀರಲ್ಲಿ ಮೆತ್ತಗೆ ಬಾಯಿ ತೊಳೆಯುವುದು ನಾಳೆಯಿಂದ. ಬಿಸಿ ಬ್ಯಾಡ, ಖಾರ ಬ್ಯಾಡ. ಗಾಯ ಮಾಗಿತು ಎಂದು ತಾವು ನೋಡಿ ಹೇಳುವವರೆಗೆ ಊದುವುದು ಬ್ಯಾಡವೇ ಬ್ಯಾಡ. ಹೆಂಡತಿ ಎಲ್ಲವನ್ನೂ ಕೇಳಿ, ಸನಾದಿಯ ಚೀಲವನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡರು. “ಅಲ್ಲೀವರೆಗೆ ಇದು ನನ್ನ ತಲೆದಿಂಬಿನ ಕೆಳಗಿರ್ತತೆ.” ಆಮೇಲೆ ರುಮಾಲು ಬಿಡಿಸಿ, ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ತಾವೇ ಸುತ್ತಿದರು. ಊದಿದ ಕೆನ್ನೆಯ ಕಡೆ ಬಿಗಿಯಾಗದಂತೆ ಒಂದು ಸುತ್ತು ಸಡಿಲ ಬಿಟ್ಟರು.

ಮದುವೆ ಹರಿಹರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಆಯಿತು. ನನ್ನನ್ನೂ ಕರೆದಿದ್ದರು, ಆದರೆ ಹೋಗುವ ಮೊದಲೇ ಕೇಳಿತು. ಮುಂಜಾನೆ ನಾನು ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ಮೊದಲು ಶ್ರುತಿ, ಅದು ಸ್ವಲ್ಪ ಹೊತ್ತು ಒಂದೇ ನಿಂತಿತ್ತು. ಆಮೇಲೆ ಅದರ ಮೇಲೆ ಸನಾದಿ ಬಂದು ಕೂತಿತು, ಎಲ್ಲೂ ಗಾಳಿ ಸೋರದೆ. ನಮ್ಮಣ್ಣ ಹಿತ್ತಲಲ್ಲಿ ಸೈಕಲ್ ಒರೆಸುತ್ತಿದ್ದವನು, “ಯಾರೋ ಚಲೋ ಊದ್ತಾರಲ್ಲ,” ಎಂದ. ನಾನು ಬಾಯಿ ಮುಕ್ಕಳಿಸಿ, “ಹೂಂ, ನಮ್ಮ ದವಾಖಾನೆಯವರು,” ಎಂದೆ.

ಇದು ಆಮೇಲಿನ ಮಾತು. ಆ ಗುರುವಾರದ ಕೆಲಸ ಇನ್ನೂ ಮುಗಿದಿರಲಿಲ್ಲ.

ಹದಡಿಯವರು ಹೊರಟ ಮೇಲೆ ಬೀದಿಯವರೂ ಚದುರಿದರು. ಸಂಜೆಯ ರೋಗಿಗಳು ಬಂದರು, ಹೋದರು. ಡಾಕ್ಟರು ಮನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು, “ಸಿಸ್ಟರ್, ಆ ಕಿಟಕಿ ಬಾಗಿಲಿಗೆ ಒಂದು ಕೊಂಡಿ ಹಾಕಿಸಬೇಕು. ಅರ್ಧ ತೆರೆದು ನಿಲ್ಲೋ ಹಂಗೆ,” ಎಂದರು. ಹಾಕಿಸುತ್ತೇನೆ ಎಂದೆ.

ಇಕ್ಕಳಗಳನ್ನು ತೊಳೆದು ಕುದಿಸಿ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟೆ. ಮೂಗಿನ ಮುಚ್ಚಳವನ್ನು ಸಾಬೂನಿನಲ್ಲಿ ತೊಳೆದು, ಒಳಗಡೆ ಬೆರಳಾಡಿಸಿ ನೋಡಿ, ನೆರಳಲ್ಲಿ ಆರಲು ತೂಗುಹಾಕಿದೆ. ಕುರ್ಚಿಯ ತೋಳುಗಳನ್ನು ಒರೆಸಿದೆ. ಕಟ್ಟೆಯ ಮೇಲೆ ತಮ್ಮ ಪೀಪಿ ನೆನೆಸಿದ ನೀರಿನ ಲೋಟ ಹಾಗೇ ಇತ್ತು, ತಂದು ತೊಳೆದು ಮಗುಚಿಟ್ಟೆ. ಕಿಟಕಿ ಮುಚ್ಚಿದೆ. ಆಮೇಲೆ ನೀಲಿ ಸಿಲಿಂಡರಿನ ಬಾಯಿ ಬಿಗಿದು, ಕರಿ ಸಿಲಿಂಡರಿನ ಬಾಯಿ ಬಿಗಿದು, ಕೊಳವೆಯಲ್ಲಿ ಉಳಿದ ಗಾಳಿಯನ್ನು ಹೊರಗೆ ಬಿಟ್ಟೆ. ರಬ್ಬರಿನ ಚೀಲ ಮೆಲ್ಲಗೆ ಇಳಿದು ಚಪ್ಪಟೆಯಾಯಿತು. ಸಿಲಿಂಡರಿನ ಕೀಲಿಯನ್ನು ಒರೆಸಿ ಅದರ ಮೊಳೆಗೆ ತೂಗುಹಾಕಿದೆ.